ಮಾವನ ಗೋಡೆಯ ಮೇಲಿನ ಬಸ್ಸುಗಳು

ಈಗ ಆಕಾಶಕ್ಕೆ ಉಪಗ್ರಹ ಹಾರಿಸಿ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತಾರಲ್ಲ, ಅವರೆಲ್ಲ ನನ್ನ ಸೋದರಮಾವನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗಬೇಕು! ಎಪ್ಪತ್ತರ ದಶಕದಲ್ಲೇ ಅವನು ಸಾಗರದಲ್ಲಿ ಕುರ್ಚಿ ಬಿಟ್ಟೇಳದೆ ಏಳು ಬಸ್ಸುಗಳ ಮೇಲೆ ಕಣ್ಣಿಟ್ಟಿದ್ದ.

ಮಾವ ಒಂದು ಖಾಸಗಿ ಬಸ್ ಕಂಪನಿಯ ಮ್ಯಾನೇಜರು. ಆಫೀಸಿನ ಗೋಡೆಗೆ ಇದ್ದಿಲಿನಲ್ಲಿ ತೀರ್ಥಹಳ್ಳಿಯವರೆಗಿನ ರಸ್ತೆ ಬರೆದು, ಊರಿಗೊಂದು ಮೊಳೆ ಹೊಡೆದಿದ್ದ. ಬಸ್ಸಿಗೊಂದು ಅಂಗಿಯ ಗುಂಡಿ. ಸಾಗರಕ್ಕೆ ಬಂದ ಡ್ರೈವರು, ಇಲ್ಲಿಂದ ಹೋದ ಬಸ್ಸು ತನಗೆ ಎಲ್ಲಿ ಕ್ರಾಸಾಯಿತೆಂದು ಚಹಾಕ್ಕೆ ಮೊದಲೇ ಒಪ್ಪಿಸಬೇಕು. ಮಾವ ಗುಂಡಿಯನ್ನು ಆ ಊರಿನ ಮೊಳೆಗೆ ಸಿಕ್ಕಿಸುತ್ತಿದ್ದ. ಕ್ರಾಸಾದ ಜಾಗ ಟೈಮಿಗೆ ಹೊಂದಲಿಲ್ಲವೋ, ಹೇಳಿದವನಿಗೇ ಮಂಗಳಾರತಿ! ಇತ್ತ ಮನೆಯಲ್ಲಿ ಅತ್ತೆಗೆ ಗುಂಡಿಯಿರುವ ಅಂಗಿ ಹುಡುಕುವುದೇ ಕೆಲಸವಾಗಿತ್ತು.

ಸಾಗರಕ್ಕೆ ಬರುವ ಬಸ್ಸುಗಳ ಗುಂಡಿಯನ್ನು ಮಾತ್ರ ಗಡಿಯಾರ ನೋಡಿ ಸರಿಸುತ್ತಿದ್ದ. ಒಮ್ಮೆ ಬಸ್ಸೊಂದು ಬೇಗನೆ ಬಂದು ಆಫೀಸಿನೆದುರೇ ಹಾರ್ನ್ ಹೊಡೆಯಿತು. ಗುಂಡಿ ಇನ್ನೂ ಬಟ್ಟೆಮಲ್ಲಪ್ಪದ ಮೊಳೆಯಲ್ಲಿತ್ತಲ್ಲ, ಮಾವ ಕತ್ತೆತ್ತಲಿಲ್ಲ. ಅದರಿಂದ ಇಳಿದವರೊಬ್ಬರು ಲಗೇಜು ಕೇಳಿದರೆ, ಬಸ್ಸು ಬರಲಿ, ಅಲ್ಲಿಯವರೆಗೆ ಕೂತಿರಿ ಎಂದ. ಪಾಪ, ಅವರು ಕೂತರು ಕೂಡ.

ಇಂಥವನ ಕೈಗೆ ನನ್ನ ಅಮ್ಮ ಸಿಕ್ಕಿದಳು. ಮಾವನಿಗೆ ಒಬ್ಬಳೇ ಅಕ್ಕ. ಸಾಗರದಲ್ಲಿ ಹೊಟ್ಟೆಯ ಆಪರೇಷನ್ ಆಗಿ, ತೀರ್ಥಹಳ್ಳಿಯ ನಮ್ಮ ಮನೆಗೆ ಹೊರಟಿದ್ದಳು. ಹೊಲಿಗೆ ಇನ್ನೂ ಹಸಿ. ಜೊತೆಗೆ ಹೊರಟ ನನ್ನನ್ನು ಮಾವ ತಡೆದ.

"ನೀ ಹೋಗಿ ಎಂತ ಮಾಡ್ತೀಯ? ಅಕ್ಕ ಎಲ್ಲಿದಾಳೆ ಅಂತ ನಾ ಇಲ್ಲಿಂದ್ಲೇ ನೋಡ್ತಿರ್ತೀನಿ."

ನೋಡಿದ್ದೇ ನೋಡಿದ್ದು! ಮೊದಲು ಬಂದ ಡ್ರೈವರು, ಅಮ್ಮನ ಬಸ್ಸು ಹೊಸನಗರದಲ್ಲಿ ಕ್ರಾಸಾಯಿತೆಂದ. ಟೈಮಿಗೆ ಸರಿಯಾಗಿತ್ತು, ಮಾವ ನನ್ನತ್ತ ನೋಡಿ ಮೀಸೆ ತಿರುವಿದ. ಅರ್ಧ ಗಂಟೆ ಬಿಟ್ಟು ಬಂದವನು, ಅದಕ್ಕಿಂತ ಈಚೆಯ ಬಟ್ಟೆಮಲ್ಲಪ್ಪದಲ್ಲಿ ಎಂದ. ಹೊಸನಗರ ಮುಟ್ಟಿದ ಬಸ್ಸು ಹಿಂದಕ್ಕೆ ಓಡುತ್ತದೆಯೇ? ಮಾವ ಇಬ್ಬರನ್ನೂ ನಿಲ್ಲಿಸಿ ಗದರಿದ. ಮೊದಲಿನವನು ತಲೆ ತಗ್ಗಿಸಿದ.

"ನಮ್ಗಿಬ್ರಿಗೂ ಎಲ್ಲೂ ಸಿಕ್ಕಿಲ್ಲ ಸಾರ್. ನೀವು ಬೈತೀರಿ ಅಂತ ನಾನು ಟೈಮಿಗೆ ಸರಿಯಾಗಿ ಹೇಳಿದ್ದು, ಇವ್ನ ಲೆಕ್ಕ ತಪ್ಪಿತು. ಎಲ್ರೂ ಹಾಗೇ ಹೇಳೋದು."

ವರ್ಷಗಟ್ಟಲೆ ಕುರ್ಚಿ ಬಿಡದ ಮಾವ ಚಪ್ಪಲಿಯನ್ನೂ ಮೆಟ್ಟದೆ ಓಡಿ, ಸಿಕ್ಕಿದ ಜೀಪು ಹತ್ತಿದ. ಹಿಂದೆಯೇ ನಾನೂ ಹತ್ತಿದೆ. ದಾರಿಯುದ್ದಕ್ಕೂ ಪ್ರತಿ ಚಹಾದಂಗಡಿಯಲ್ಲಿ ಇಳಿದು ವಿಚಾರಿಸಿದ.

ಬಟ್ಟೆಮಲ್ಲಪ್ಪಕ್ಕೆ ಮೊದಲೇ ಸುಳಿವು ಸಿಕ್ಕಿತು. ಅಮ್ಮ ನೋವಿಗೆ ಮುಲುಗಿದ್ದು ಕೇಳಿ ಡ್ರೈವರು ಬಸ್ಸನ್ನು ಒಳದಾರಿಗೆ ತಿರುಗಿಸಿ, ಪರಿಚಯದ ನರ್ಸಮ್ಮನ ಮನೆಯೆದುರು ನಿಲ್ಲಿಸಿದ್ದ. ಪ್ರಯಾಣಿಕರೆಲ್ಲ ಮರದ ಕೆಳಗೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅಮ್ಮ ಹೊಸ ಪಟ್ಟಿ ಕಟ್ಟಿಸಿಕೊಂಡು ಜಗುಲಿಯಲ್ಲಿ ಮಲಗಿದ್ದಳು.

ಮಾವ ಅವಳ ಪಕ್ಕ ಕುಸಿದು ಕೂತು ಅತ್ತೇಬಿಟ್ಟ. ಇಲ್ಲೇ ಇದ್ದೀನಲ್ಲೋ, ಯಾಕೆ ಅಳುತ್ತೀಯ ಎಂದು ಅಮ್ಮನೇ ಸಮಾಧಾನ ಮಾಡಬೇಕಾಯಿತು.

"ನೀ ಎಲ್ಲಿದೀಯ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಅಕ್ಕ," ಎಂದ.

ಬಸ್ಸು ಮತ್ತೆ ಹೊರಟಾಗ ಅವನು ಅವಳ ಸೀಟಿನ ಬುಡದಲ್ಲಿ, ನೆಲದ ಮೇಲೆ ಕೂತ. ತೀರ್ಥಹಳ್ಳಿಯವರೆಗೂ ಅವಳ ಕೈ ಬಿಡಲಿಲ್ಲ. ಯಾವ ಊರು ಬಂತು, ಯಾವ ಊರು ಹೋಯಿತು ಎಂದು ಒಮ್ಮೆಯೂ ಹೊರಗೆ ನೋಡಲಿಲ್ಲ.