ಒಂದೇ ಸ್ವಿಚ್ಚಿನ ಮಾವ

ಪ್ರಕೃತಿಯ ಸಕಲ ಆಗುಹೋಗುಗಳಿಗೂ ಒಂದೇ ಕಾರಣ ಸಿಕ್ಕೀತೇ ಎಂದು ಭೌತವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರಷ್ಟೆ? ನನ್ನ ಸೋದರಮಾವ ಅದನ್ನು ರಾಯಲ್ಪಾಡಿನ ಪಕ್ಕದ ತಮ್ಮ ಮಾವಿನ ತೋಪಿನಲ್ಲಿ ಕೂತು ಎಂದೋ ಕಂಡುಹಿಡಿದಿದ್ದಾರೆ. ತೊಡಕು ಒಂದೇ. ಪ್ರತಿ ವರ್ಷವೂ ಹೊಸದಾಗಿ ಕಂಡುಹಿಡಿಯುತ್ತಾರೆ.

ಒಂದು ವರ್ಷ ಕೊಳವೆಬಾವಿಯ ನೀರು. ಟೊಮೆಟೊ ಎಲೆ ಮುರುಟಿದ್ದು, ಅತ್ತೆಯ ಕೂದಲು ಉದುರಿದ್ದು, ಮಿಕ್ಸಿ ಸುಟ್ಟದ್ದು, ಎಲ್ಲಕ್ಕೂ ನೀರೇ ಕಾರಣ. ಮಿಕ್ಸಿಗೂ ನೀರಿಗೂ ಏನು ಸಂಬಂಧ ಎಂದರೆ, "ಚಟ್ನಿಗೆ ಯಾವ ನೀರು ಹಾಕ್ತೀರಿ?" ಎಂದು ತಿರುಗಿ ಕೇಳಿದರು. ಮರುವರ್ಷ ಮೂಡಣ ಗಾಳಿ. ನೀರು ಮರ್ಯಾದೆಯಿಂದ ಖುಲಾಸೆಯಾಯಿತು. ಕಾರಣ ಬದಲಾದರೂ ಮಾತು ಬದಲಾಗುವುದಿಲ್ಲ. ಆ ಕಡೆ ಮನೆಮಾತು ಅರ್ಧ ತೆಲುಗು. ಎಲ್ಲಾ ಒಂದೇ ಎನ್ನುವುದನ್ನು ಮಾವ "ಅಂತಾ ಒಕಟೇ ಕಣಮ್ಮ" ಎಂದೇ ಹೇಳುವುದು.

ತತ್ವ ಬಾಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಗೆ ಹೊಸದಾಗಿ ವೈರಿಂಗ್ ಮಾಡಿಸಿದಾಗ, ಅಷ್ಟೊಂದು ಸ್ವಿಚ್ಚು ಯಾಕೆ ಎಂದು ನಡುಮನೆಯ ದೀಪ, ಫ್ಯಾನು, ತೋಟದ ಪಂಪು ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ಕೊಡಿಸಿದರು. ಅಂದಿನಿಂದ ಬಂದ ನೆಂಟರಿಗೆ ಸೆಕೆಯಾದರೆ ಟೊಮೆಟೊಗೆ ನೀರು! ಬೇಸಿಗೆಯಲ್ಲಿ ವ್ಯವಸ್ಥೆ ಸೊಗಸಾಗಿಯೇ ನಡೆಯಿತು. ಚಳಿಗಾಲದಲ್ಲೊಮ್ಮೆ ಹೋದಾಗ ಅತ್ತೆ ಕಂಬಳಿ ಹೊದ್ದು, ತಿರುಗುವ ಫ್ಯಾನಿನ ಕೆಳಗೆ ನಡುಗುತ್ತಾ ಕೂತಿದ್ದರು. ಇದೇನತ್ತೆ ಎಂದರೆ, "ನಿಮ್ಮ ಮಾವನ ತೋಟಕ್ಕೆ ನೀರು ಬಿಡ್ತಾ ಇದೀನಿ" ಎಂದರು.

ಬೀಗಗಳದ್ದೂ ಇದೇ ಕಥೆ. ಬಾಗಿಲು, ಬೀರು, ಪಂಪಿನ ಮನೆ ಎಲ್ಲಕ್ಕೂ ಒಂದೇ ಬೀಗದ ಕೈ. ಅದು ಕಳೆದ ದಿನ ಇಡೀ ಸಂಸಾರ ತೋಪಿನಲ್ಲಿ ಪಕ್ಕದ ಮನೆಯವರ ಮುದ್ದೆ ಉಂಡಿತು. ತತ್ವದಲ್ಲಿ ತಪ್ಪಿಲ್ಲ, ತಪ್ಪು ಬೀಗದ ಕೈಯದು ಎಂದು ಮಾವ ತೀರ್ಪು ಕೊಟ್ಟರು.

ಇಂಥವರ ಸೋದರಸೊಸೆ ನಾನು ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದರೆ ಕೇಳಬೇಕೆ? ಹೋದ ದಿನವೇ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ವಿಚಾರಣೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ, ಕೇಳಿದ್ದಕ್ಕಷ್ಟೇ ಹೇಳಿದೆ. ಮಾವಿನಕಾಯಿ ಬೀಳುವುದಕ್ಕೂ ಚಂದ್ರ ಭೂಮಿಯನ್ನು ಸುತ್ತುವುದಕ್ಕೂ ಗುರುತ್ವವೇ ಕಾರಣ. ವಿದ್ಯುತ್ತು, ಅಯಸ್ಕಾಂತ ಬೇರೆಬೇರೆ ಎಂದುಕೊಂಡಿದ್ದರು, ಅವು ಒಂದೇ ಬಲದ ಎರಡು ಮುಖ. ಪರಮಾಣುವಿನೊಳಗೆ ಇನ್ನೆರಡು ಬಲಗಳಿವೆ. ಒಂದು ಈಗಾಗಲೇ ವಿದ್ಯುತ್ತಿನ ಪಂಕ್ತಿಗೆ ಸೇರಿದೆ, ಇನ್ನೊಂದು ಸೇರುವ ಲಕ್ಷಣವಿದೆ. ಗುರುತ್ವ ಮಾತ್ರ ಯಾರ ಜೊತೆಗೂ ಸೇರಲೊಲ್ಲದು.

"ಸೇರುತ್ತೆ ಬಿಡು" ಎಂದರು ಮಾವ, ಮುನಿಸಿಕೊಂಡ ಷಡ್ಡಕನ ವಿಷಯ ಹೇಳುವಂತೆ.

ಅಷ್ಟರಲ್ಲಿ ಅತ್ತೆ ಬಸ್ಸಾರಿಗೆ ಬೇಯಿಸಿದ ಸೊಪ್ಪು, ಕಾಳು ಬಸಿಯತೊಡಗಿದರು. ನನಗೆ ಉದಾಹರಣೆ ಸಿಕ್ಕಿತು. ಒಲೆಯ ಮೇಲಿದ್ದಾಗ ಒಂದೇ ಪಾತ್ರೆ, ಒಂದೇ ಕುದಿ. ಬಸಿದ ಮೇಲೆ ಕಟ್ಟು ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ. ತಟ್ಟೆ ನೋಡಿದವರಿಗೆ ಎರಡೂ ಬೇರೆ. ವಿಶ್ವ ಹುಟ್ಟಿದಾಗ ಕಾದು ಕುದಿಯುತ್ತಿತ್ತು, ಆಗ ಬಲಗಳೆಲ್ಲ ಒಂದೇ ಆಗಿದ್ದವು, ಆರುತ್ತಾ ಬಂದಂತೆ ಬೇರೆಯಾದವು ಎಂದು ವಿಜ್ಞಾನಿಗಳ ಊಹೆ. ಮಾವ ಎದ್ದೇ ನಿಂತರು. ಇಷ್ಟು ವರ್ಷ ಬಸ್ಸಾರು ಬಡಿಸಿಯೂ ಈ ವಿಷಯ ತಮಗೆ ಹೇಳಲಿಲ್ಲವೆಂದು ಅತ್ತೆಯನ್ನೇ ಗದರಿದರು.

ಆಮೇಲೆ ಕೇಳಿದರು. "ಅದ್ಸರಿ, ನಿಮ್ಮೋರಿಗೆ ಒಂದೇ ಯಾಕೆ ಬೇಕು? ನಾಲ್ಕಿದ್ರೆ ಏನು ಗಂಟು ಹೋಗುತ್ತೆ?"

ಇದಕ್ಕೆ ಉತ್ತರ ನನ್ನಲ್ಲಿತ್ತು. ಗ್ರಹ ನಕ್ಷತ್ರಗಳಿಗೆ ಒಂದು ನಿಯಮ, ಪರಮಾಣುವಿಗೆ ಇನ್ನೊಂದು. ವಿಶ್ವ ಹುಟ್ಟಿದ ಗಳಿಗೆಗೆ ಎರಡೂ ಒಟ್ಟಿಗೆ ಬೇಕು, ಅಲ್ಲಿ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಮೇಲಾಗಿ, ಬೇರೆಯೆಂದುಕೊಂಡದ್ದು ಹಿಂದೆಯೂ ಒಂದಾಗುತ್ತಾ ಬಂದಿದೆ, ಇದೂ ಆದೀತು. ಮಾವ ತಲೆಯಾಡಿಸಿದರು.

"ಅದು ಪಾಠ ಆಯ್ತು. ಯಾಕೆ ಬೇಕು ಅಂದೆ."

ನಾನು ಪಲ್ಯ ಬಡಿಸಿಕೊಂಡೆ. ಅದಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಮಾವ ಅದನ್ನೇ ಇನ್ನೊಂದು ಸಲ ಹಾಕಿಸಿಕೊಂಡರು.

ಅತ್ತೆಗೆ ಆಗ ಮೈ ಸರಿಯಿರಲಿಲ್ಲ. ಪಾದಗಳು ಸದಾ ಜೋಮು. ತೋಟದಲ್ಲಿ ಒಂದು ಚಪ್ಪಲಿ ಕಳಚಿದ್ದೇ ತಿಳಿಯದೆ ಇನ್ನೊಂದರಲ್ಲೇ ಮನೆಗೆ ಬಂದಿದ್ದರು. ನಾಲಗೆ ಉರಿ. ಕಣ್ಣು ಮಂಜು. ಎಲ್ಲಕ್ಕಿಂತ ಹೆಚ್ಚಾಗಿ ಮರೆವು. ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆದು, ತಪ್ಪಾಯಿತೆಂದೂ ತಿಳಿಯದೆ ನಿಂತಿದ್ದರು. ವಯಸ್ಸಾಯಿತು ಎಂದರು ನೆಂಟರು. ಐವತ್ತು ದಾಟಿದವರಿಗೆ ಎಂಥ ವಯಸ್ಸು? ಮಾವ ಒಪ್ಪಲಿಲ್ಲ. ಶ್ರೀನಿವಾಸಪುರದಲ್ಲಿ ಪಾದ ತೋರಿಸಿದರು, ಮುಳಬಾಗಿಲಿನಲ್ಲಿ ನಾಲಗೆ. ಎಲ್ಲಿ ಹೋದರೂ ಅದೇ ಹಟ. ಪಾದ ನೋಡುವ ಡಾಕ್ಟರ ಮುಂದೆ ನಾಲಗೆ ಚಾಚು ಎಂದು ಅತ್ತೆಗೆ ಅಪ್ಪಣೆ! ನಾಲಗೆ ನೋಡುವವರಿಗೆ ಚಪ್ಪಲಿಯ ಕಥೆ. ಯಜಮಾನರೇ, ಒಂದೊಂದಾಗಿ ಹೇಳಿ ಎಂದು ಅವರು ಬೇಡಿಕೊಂಡರೆ, "ಇರೋದೇ ಒಂದು ಸಾರ್, ನೀವು ನಾಲ್ಕು ಮಾಡ್ತಾ ಇದೀರಿ" ಎಂದು ಎದ್ದು ಬಂದರಂತೆ.

ಕೊನೆಗೆ ಕೋಲಾರ. ನಾನೂ ಜೊತೆಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾವನ ಪುರಾಣವನ್ನು ತಡೆಯದೆ ಕೇಳಿ, ಊಟ ಏನು ಮಾಡುತ್ತೀರಿ ಎಂದು ಅತ್ತೆಯನ್ನು ವಿಚಾರಿಸಿದರು. ಮಗಳ ಹೆರಿಗೆ ಸುಸೂತ್ರವಾಗಲೆಂದು ಹರಕೆ ಹೊತ್ತು ಅತ್ತೆ ಮಾಂಸ, ಮೊಟ್ಟೆ ಬಿಟ್ಟು ವರ್ಷಗಳೇ ಆಗಿದ್ದವು. ಹಾಲು ಮೊಸರಿನ ವಾಸನೆಯಂತೂ ಮೊದಲಿನಿಂದಲೂ ಆಗದು. ರಕ್ತ ಪರೀಕ್ಷೆ ಮಾಡಿಸಿದರೆ ಬಿ-ಹನ್ನೆರಡು ಎಂಬ ಜೀವಸತ್ವ ತಳ ಕಂಡಿತ್ತು. ಪಾದ, ನಾಲಗೆ, ಮರೆವು ಮೂರಕ್ಕೂ ಅದೊಂದೇ ಕಾರಣ, ಇಂಜೆಕ್ಷನ್ನಿನಿಂದ ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರಮ್ಮ. ಕಣ್ಣಿನದು ಮಾತ್ರ ಬೇರೆ, ಪೊರೆ.

"ಗುರುತ್ವ" ಎಂದೆ ನಾನು.

"ಸೇರುತ್ತೆ ಬಿಡು" ಎಂದರು ಮಾವ.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಕಂಬಕ್ಕೊರಗಿ ಕೂತು ತೂಕಡಿಸುತ್ತಿದ್ದರು. ಮಾವ ನನ್ನತ್ತ ತಿರುಗದೆ, ಅಡುಗೆಮನೆಯಲ್ಲಿ ಕೇಳಿದ್ದ ಪ್ರಶ್ನೆಗೆ ತಾವೇ ಉತ್ತರ ಹೇಳಿದರು.

"ನಾಲ್ಕು ಕಾಯಿಲೆ ಅಂದ್ರೆ ನಾಲ್ಕು ಕಡೆಯಿಂದ ಎಳೀತವೆ ಕಣಮ್ಮ. ಯಾವ ಕಡೆ ಅಂತ ಹಿಡ್ಕೊಳ್ಳೋದು? ಒಂದೇ ಆದ್ರೆ, ನಾನೊಬ್ನೇ ಸಾಕು."

ರಾಯಲ್ಪಾಡಿನ ಬಸ್ಸು ಬಂತು. ಮಾವ ಬಗ್ಗಿ, ಅತ್ತೆಯ ಎರಡು ಕಾಲಲ್ಲೂ ಚಪ್ಪಲಿ ಇದೆಯೇ ಎಂದು ನೋಡಿ, ಕೈ ಹಿಡಿದು ಮೆಟ್ಟಿಲು ಹತ್ತಿಸಿದರು.