ಲೇಸರಿನ ತಲೆಬಿಸಿ

ಈ ಎಲ್ಲ ತಾಪತ್ರಯಕ್ಕೆ ಮೂಲ ಅಂಗಿಯ ಗುಂಡಿಗಿಂತ ಚಿಕ್ಕದಾದ, ಲೇಸರ್ ಬೆಳಕು ಸೂಸುವ ಎರಡು ಡಯೋಡುಗಳು. ಗ್ರಂಥಾಲಯದ ಹಳೆಯ ಪ್ರೊಜೆಕ್ಟರ್ ಕೈಕೊಟ್ಟಾಗ ಅದನ್ನು ಗುಜರಿಗೆ ಹಾಕಲು ಹೊರಟಿದ್ದರು. ಅಲ್ಲೇ ಪುಸ್ತಕ ಕೊಡುವ ಕೆಲಸದಲ್ಲಿದ್ದ ವೈರಣ್ಣ ಮೇಲಿನವರನ್ನು ಕೇಳಿ ಮನೆಗೆ ತಂದು, ಬಿಚ್ಚಿ, ಆ ಎರಡನ್ನು ಮುಳ್ಳು ತೆಗೆಯುವಷ್ಟು ನಾಜೂಕಾಗಿ ಹೊರಗೆಳೆದ. ವೈರಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾವಾಗ ನೋಡಿದರೂ ಅವನ ಜೇಬಿನಿಂದ ವೈರೊಂದು ಇಲಿಬಾಲದಂತೆ ಇಣುಕುತ್ತಿದ್ದುದರಿಂದ ಬೀದಿಯವರು ಇಟ್ಟದ್ದು.

ಡಯೋಡುಗಳನ್ನು ಹಿತ್ತಾಳೆಯ ತಲೆಯೊಂದರಲ್ಲಿ ಕೂರಿಸಿ, ಆ ತಲೆಯನ್ನು ಹಳೆಯ ಟಾರ್ಚಿನ ಮೈಗೆ ಜೋಡಿಸಿ ವೈರಣ್ಣ ಕೈಯಲ್ಲಿ ಹಿಡಿಯುವ ಲೇಸರ್ ಮಾಡಿದ. ಅದರ ನೀಲಿ ಬೆಳಕು ಬಿದ್ದಲ್ಲಿ ಮರ ಸುಟ್ಟು ಕಪ್ಪನೆಯ ಗೆರೆ ಮೂಡುತ್ತಿತ್ತು. ಮೊದಲ ಗೆರೆ ಮೂಡಿದಾಗ ಅವನು ಬೆಳಕನ್ನು ಸೃಷ್ಟಿಸಿದ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ. ಮನಸ್ಸಿನ ಕೈ ಬಿಡಿಸುವಷ್ಟರಲ್ಲಿ ಲೇಸರ್ ಆರಿಹೋಗಿತ್ತು.

ತೊಂದರೆ ಇಷ್ಟೇ. ಡಯೋಡು ಬೆಳಕಿಗಿಂತ ಹೆಚ್ಚು ಶಾಖ ಕೊಡುತ್ತಿತ್ತು. ಹಿತ್ತಾಳೆಯ ತಲೆ ಒಲೆಯ ಮೇಲಿನ ಹಂಚಿನಂತೆ ಕಾಯುತ್ತಿತ್ತು, ಕಾದೊಡನೆ ಬೆಳಕು ಮಂಕಾಗಿ ನಿಂತುಬಿಡುತ್ತಿತ್ತು. ಸುತ್ತ ಅಲ್ಯೂಮಿನಿಯಂ ರೆಕ್ಕೆಗಳನ್ನು ಕಟ್ಟಿ ನೋಡಿದ. ಹಿಂದೆ ಪುಟ್ಟ ಫ್ಯಾನು ಇಟ್ಟು ನೋಡಿದ. ಅದರ ಗಾಳಿ ನೊಣ ನಿಟ್ಟುಸಿರು ಬಿಟ್ಟಷ್ಟಿತ್ತು. ಕೊನೆಗೆ ಲೇಸರನ್ನೇ ಫ್ರಿಜ್ಜಿನಲ್ಲಿ ಸೌತೆಕಾಯಿಗಳ ನಡುವೆ ಮಲಗಿಸಿದ. ಹೊರತೆಗೆದಾಗ ಅದರ ಮಸೂರ ಅತ್ತ ಕಣ್ಣಿನಂತೆ ತೇವವಾಗಿ, ಆರುವವರೆಗೆ ಏನೂ ಕೆಲಸ ಮಾಡಲಿಲ್ಲ.

ಮರುದಿನ, ರಜೆಯ ದಿನ, ಬೆಳಿಗ್ಗೆ ಸೌತೆಕಾಯಿ ಹೆಚ್ಚುತ್ತಲೇ ಮಡದಿ ತೀರ್ಪು ಕೊಟ್ಟಳು.

"ಸಂಜೆ ನಮ್ಮಣ್ಣ ಬರ್ತಿದಾನೆ. ದೊಡ್ಡ ಪೆಟ್ಟಿಗೆ ತರ್ತೀನಿ, ನಿಮ್ಮನೆ ಮೂಲೇಲಿ ಜಾಗ ಮಾಡಿಡು ಅಂತ ಫೋನಲ್ಲಿ ಹೇಳಿದಾನೆ. ಬಟ್ಟೆ ಒಗೆಯೋ ಮಷಿನ್ನೇ ಇರಬೇಕು, ಹೋದ ಸಲ ನಾನು ಸೊಂಟನೋವು ಅಂದಿದ್ದೆ. ನಿಮ್ಮ ಮೇಜು ಎತ್ತಬೇಕಾಗತ್ತೆ."

ವೈರಣ್ಣ ಹೋಗಿ ಮೇಜಿನ ಮೇಲೆ ಕೈಯಿಟ್ಟು ನಿಂತ. ಇಡೀ ಮನೆಯಲ್ಲಿ ಅವನದು ಎನ್ನಬಹುದಾದದ್ದು ಕಿಟಕಿ ಪಕ್ಕದ ಆ ಮೇಜೊಂದೇ. ಉಳಿದದ್ದೆಲ್ಲ ಅವನು ಬಂದುಹೋಗುವ ಜಾಗ.

"ಮಷಿನ್ನು ಬಚ್ಚಲ ಬಾಗಿಲ ಹತ್ರ ಇಡಬಹುದಲ್ವೇನೇ?"

"ಇಡಬಹುದು. ಆದ್ರೆ ಆ ಮೇಜಿಂದ ಇವತ್ತಿನವರೆಗೆ ಏನು ಹುಟ್ಟಿದೆ, ಹೇಳಿ? ಒಂದು ಕೆಲಸ ಮಾಡಿ. ಅಣ್ಣನೇ ಈ ಮನೆಗೆ 'ಸಮಾಧಾನ' ಅಂತ ಹೆಸರಿಟ್ಟ. ಇನ್ನೂ ಬೋರ್ಡಿಲ್ಲ. ಅವನ ಕಣ್ಣೆದುರಿಗೆ ನಿಮ್ಮ ದೀಪದಲ್ಲಿ ಹಲಗೆ ಮೇಲೆ ಆ ಹೆಸರು ಬರೀರಿ. ಬರೆದ್ರೆ ಮೇಜು ನಿಮ್ದು. ಇಲ್ಲಾಂದ್ರೆ ಇಲ್ಲ."

ಲೇಸರ್ ಬೆಳಕಿನಿಂದ ಕಣ್ಣು ಕಾಯುವ ಕಿತ್ತಳೆ ಬಣ್ಣದ ಕನ್ನಡಕ ಏರಿಸಿ ವೈರಣ್ಣ ಕೂತ. ರದ್ದಿ ಹಲಗೆಯ ಮೇಲೆ 'ಸ' ಮುಗಿಯುವುದರೊಳಗೆ ಲೇಸರ್ ಸುಸ್ತಾಯಿತು. ಅವನು ಅಡುಗೆಮನೆಗೆ ಕೇಳಲೆಂದು ಕೂಗಿ ಹೇಳಿದ:

"ತಲೆ ತುಂಬ ಬಿಸಿ ಆಗ್ತಿದೆ ಕಣೇ. ಹೀಗೇ ಆದ್ರೆ ಇವತ್ತು ಸುಟ್ಟೇ ಹೋಗತ್ತೆ."

ಅಡುಗೆಮನೆಗೆ ಕೇಳಿತೋ ಇಲ್ಲವೋ, ಮಹಡಿಗೆ ಚೆನ್ನಾಗಿ ಕೇಳಿತು. ಮಹಡಿಯಲ್ಲಿದ್ದವಳು ಮೇಲ್ಮನೆ ಅಕ್ಕ. ಯಾರ ಮನೆಯಲ್ಲಿ ಕೆಮ್ಮಿದರೂ ಅವಳ ಗಂಟಲು ಕೆರೆಯುವಂಥ ಮೃದು ಮನಸ್ಸು. ತಕ್ಷಣ ಒಂದು ದಪ್ಪ ಟವೆಲನ್ನು ತಣ್ಣೀರಲ್ಲಿ ಅದ್ದಿಕೊಂಡು ಇಳಿದು ಬಂದಳು. ದಾರಿಯಲ್ಲಿ, ಆಸ್ಪತ್ರೆಯಿಂದ ನಿವೃತ್ತರಾಗಿ ಕೆಲಸವಿಲ್ಲದೆ ಕೂತಿದ್ದ ಎದುರುಮನೆಯ ಕಾಂಪೌಂಡರನ್ನೂ ಕರೆತಂದಳು.

ಕಾಂಪೌಂಡರು ವೈರಣ್ಣನ ಮಣಿಕಟ್ಟು ಹಿಡಿದು ಕಣ್ಣುಮುಚ್ಚಿದರು.

"ಯಾವಾಗಿಂದ ತಲೆ ಬಿಸಿ?"

ಲೇಸರಿನ ವಿಷಯ ಕೇಳುವವರೊಬ್ಬರು ಸಿಕ್ಕರೆಂದು ವೈರಣ್ಣನಿಗೆ ಖುಷಿಯಾಯಿತು. "ಒಂದು ವಾರದಿಂದ ಸಾರ್. ಆನ್ ಮಾಡಿದ ಕೂಡ್ಲೇ ಶುರುವಾಗತ್ತೆ."

ಕಾಂಪೌಂಡರು ಒಂದು ಕಣ್ಣು ತೆರೆದರು. "ತಲೆ ಒಳಗೆ ಏನಿದ್ದ ಹಾಗಿದೆ?"

"ಎರಡು ಡಯೋಡು. ಹಳೇ ಪ್ರೊಜೆಕ್ಟರಿಂದ ಕಿತ್ತಿದ್ದು."

ಕಾಂಪೌಂಡರು ಅಕ್ಕನನ್ನು ನೋಡಿದರು. ಅಕ್ಕ ಬಾಯಿಗೆ ಸೆರಗು ಹಿಡಿದಳು.

"ತಣ್ಣಗೆ ಮಾಡೋಕೆ ಏನಾದ್ರೂ ಮಾಡಿದ್ಯಾ?"

"ಹಿಂದುಗಡೆ ಫ್ಯಾನು ಕೂರಿಸಿದೀನಿ. ಸುತ್ತ ರೆಕ್ಕೆ ಕಟ್ಟಿದೀನಿ. ನಿನ್ನೆ ತಲೇನ ಫ್ರಿಜ್ಜಲ್ಲಿ ಇಟ್ಟು ನೋಡ್ದೆ. ಬರೀ ನೀರು ಸುರೀತು."

"ಸುರಿಯತ್ತಪ್ಪ, ಸುರಿಯತ್ತೆ," ಎಂದರು ಕಾಂಪೌಂಡರು, ಹುಚ್ಚರ ಜೊತೆ ಮಾತಾಡುವ ಸಣ್ಣ ದನಿಯಲ್ಲಿ. ಅಕ್ಕನ ಕಡೆ ತಿರುಗಿ, "ಮಲಗಿಸಿ. ಹಣೆಗೆ ಒದ್ದೆ ಬಟ್ಟೆ ಹಾಕಿ. ಎದುರು ಮಾತಾಡಬೇಡಿ," ಎಂದರು.

ಮಡದಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ನಿಜ ಏನೆಂದು ಅವಳಿಗೆ ಗೊತ್ತಿತ್ತು. ಆದರೆ ಗಂಡ ವೈರು ಸುಡದೆ, ಫ್ರಿಜ್ಜು ಕೆದಕದೆ ಮಲಗುವ ಭಾಗ್ಯ ದಿನಾ ಬರುವುದಿಲ್ಲ. ದಿಂಬು ತಂದುಕೊಟ್ಟು ಒಳಗೆ ಹೋದಳು.

"ಅಕ್ಕಾ, ಬಿಸಿಯಾಗಿರೋದು ನನ್ನ ತಲೆ ಅಲ್ಲ, ಅದರ ತಲೆ," ಎಂದು ವೈರಣ್ಣ ಮೇಜಿನತ್ತ ಕೈ ತೋರಿಸಿದ.

"ಹೌದಪ್ಪ, ಅದರದ್ದೇ," ಎಂದು ಅಕ್ಕ ಬಟ್ಟೆಯನ್ನು ಅವನ ಹಣೆಗೆ ಇನ್ನಷ್ಟು ಬಿಗಿದಳು. ಎದ್ದರೆ ಒತ್ತಿ ಮಲಗಿಸಿದಳು. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಅಕ್ಕ ಪಕ್ಕದಲ್ಲಿ ಕೂತು ಮೆಲ್ಲಗೆ ದೇವರ ನಾಮ ಗುನುಗುತ್ತಿದ್ದಳು. ಕಿಟಕಿಯ ಗಾಳಿ ಒದ್ದೆ ಬಟ್ಟೆಯ ಮೇಲೆ ಹಾದು ಬರುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಮೇಲೆ ಪಾತ್ರೆ ಕೂತ ಸದ್ದು. ವೈರಣ್ಣನಿಗೆ ಬೇಡವೆಂದರೂ ಹಿತವಾಯಿತು. ಮನಸ್ಸು ಕೆರೆಯ ನೀರಿನಂತೆ ನಿಂತಿತು. ನಿಂತ ನೀರಲ್ಲಿ ಮೀನು ಚಿಮ್ಮಿದಂತೆ ಒಂದು ಯೋಚನೆ ಚಿಮ್ಮಿತು. ಇಷ್ಟು ಹೊತ್ತಿನಿಂದ ನನ್ನ ತಲೆಯನ್ನು ತಣ್ಣಗಿಟ್ಟದ್ದು ಯಾವುದು?

ಅಕ್ಕ ತೂಕಡಿಸಿದಾಗ ಅವನು ಮೆಲ್ಲನೆದ್ದು ತಲೆಯ ಟವೆಲನ್ನು ಬಿಚ್ಚಿ ಲೇಸರಿನ ಹಿತ್ತಾಳೆ ತಲೆಗೆ ಸುತ್ತಿದ, ನೀರು ವೈರಿನ ಕಡೆ ಇಳಿಯದಂತೆ ಚೆನ್ನಾಗಿ ಹಿಂಡಿಯೇ ಸುತ್ತಿದ. ಫ್ಯಾನಿನ ಗಾಳಿ ಬಟ್ಟೆಗೆ ತಾಗುವಂತೆ ತಿರುಗಿಸಿದ. ಸ್ವಿಚ್ಚು ಒತ್ತಿದ. 'ಸ' ಮುಗಿಯಿತು. 'ಮಾ' ಮುಗಿಯಿತು. ತಲೆ ಉಗುರುಬೆಚ್ಚಗಿತ್ತು, ಅಷ್ಟೇ. ವೈರಣ್ಣ ಅಲ್ಲಿಗೇ ನಿಲ್ಲಿಸಿ, ತೂಕಡಿಸುತ್ತಿದ್ದ ಅಕ್ಕನಿಗೂ ದೇವರಿಗೂ ಒಟ್ಟಿಗೇ ಕೈಮುಗಿದ.

ಸಂಜೆ ಭಾವ ಬಂದ. ಮಡದಿಯ ಅಣ್ಣ, ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಅಧಿಕಾರಿ. ಮಾತನ್ನೂ ತೂಕ ಹಾಕಿಯೇ ಆಡುವವನು. ಅವನ ಹಿಂದೆ ಇಬ್ಬರು ಆಳುಗಳು ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದು ನಡುಮನೆಯಲ್ಲಿಟ್ಟು ಹೋದರು. ವೈರಣ್ಣ ಅದನ್ನು ಹುಲಿಯನ್ನು ನೋಡುವಂತೆ ನೋಡಿದ.

"ಪೆಟ್ಟಿಗೆ ಆಮೇಲೆ ಬಿಚ್ಚೋಣ ಅಣ್ಣ," ಎಂದಳು ಮಡದಿ. "ಮೊದಲು ಇವರು ಏನೋ ಬರೆದು ತೋರಿಸ್ತಾರಂತೆ."

ವೈರಣ್ಣ ಹೊಸ ಹಲಗೆ ಹೊಂದಿಸಿದ. "ಎಲ್ಲ ನನ್ನ ಬೆನ್ನ ಹಿಂದೆ ನಿಲ್ಲಿ, ಬೆಳಕನ್ನ ನೇರ ನೋಡಬೇಡಿ. ಭಾವ, ನಿಮಗೊಂದು ಕನ್ನಡಕ ಕೊಡ್ಲಾ?"

"ಬೇಡ," ಎಂದು ಭಾವ ಜೇಬಿನಿಂದ ತನ್ನದೇ ಕಿತ್ತಳೆ ಬಣ್ಣದ ಕನ್ನಡಕ ತೆಗೆದು ಹಾಕಿಕೊಂಡ. ಬಿಸಿಲಿಗೆಂದು ಇಟ್ಟುಕೊಂಡಿರಬೇಕು ಎಂದು ವೈರಣ್ಣ ಅಂದುಕೊಂಡ.

ನೀಲಿ ಚುಕ್ಕೆ ಹಲಗೆಯ ಮೇಲೆ ಇಳಿಯಿತು. ತೆಳ್ಳನೆಯ ಹೊಗೆ ಎದ್ದಿತು. 'ಸ' ದುಂಡಗೆ ಬಂತು. 'ಮಾ' ಇನ್ನೂ ದುಂಡಗೆ ಬಂತು. ಭಾವ ಬಗ್ಗಿ ನೋಡುತ್ತಿದ್ದ. 'ಧಾ' ಬರೆಯಲು 'ಧ'ದ ಹೊಟ್ಟೆ ಮುಗಿಸಿ, ಕೆಳಗಿನ ಸೀಳು ಮುಗಿಸಿ, ತಲೆಕಟ್ಟು ಎಳೆಯಲು ವೈರಣ್ಣ ಬೆಳಕನ್ನು ಮೇಲಕ್ಕೆ ತಂದ.

ಆಗ, ಸಂಜೆ ದೀಪ ಹಚ್ಚಲು ಮಹಡಿಗೆ ಹೋಗಿದ್ದ ಮೇಲ್ಮನೆ ಅಕ್ಕ, ರೋಗಿ ಹೇಗಿದ್ದಾನೋ ನೋಡೋಣವೆಂದು, ಬಾಗಿಲು ತಳ್ಳಿಕೊಂಡು ಬಂದಳು. ನೋಡಿದರೆ ರೋಗಿ ಕೂತಿದ್ದಾನೆ, ತಲೆ ಬರಿದಾಗಿದೆ, ಟವೆಲು ಟಾರ್ಚಿನ ಮೇಲಿದೆ.

"ಅಯ್ಯೋ ಪಾಪ, ತಲೆ ಯಾವುದು ಅನ್ನೋದೂ ಮರೆತುಹೋಗಿದ್ಯಲ್ಲಪ್ಪ ನಿಂಗೆ," ಎಂದು ಮರುಕದಿಂದ ಟವೆಲನ್ನು ಎಳೆದು ಅವನ ತಲೆಗೆ ಹಾಕಿದಳು.

ಎಳೆದ ರಭಸಕ್ಕೆ ವೈರಣ್ಣನ ಕೈ ಗಿರ್ರನೆ ಒಂದು ಸುತ್ತು ಸುತ್ತಿತು. ಲೇಸರಿನ ತಲೆಕಟ್ಟೂ ಹೋಯಿತು, ಅಕ್ಷರದ ತಲೆಕಟ್ಟೂ ಹೋಯಿತು. ಆ ಜಾಗದಲ್ಲಿ ಚೆಂದದ ಒಂದು ಗುಡಿಸು ಮೂಡಿತು. ಬರಿತಲೆಯ ಲೇಸರ್ ಕ್ಷಣದಲ್ಲಿ ಕಾದು, ಟಿಕ್ ಎಂದು, ಶಾಶ್ವತವಾಗಿ ಕಣ್ಣುಮುಚ್ಚಿತು.

ಹೊಗೆ ಚದುರಿದ ಮೇಲೆ ಎಲ್ಲರೂ ಓದಿದರು. ಹಲಗೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ 'ಸಮಾಧಿ' ಎಂದಿತ್ತು.

ವೈರಣ್ಣನ ಕೆನ್ನೆಯ ಮೇಲೆ ಟವೆಲಿನ ನೀರು ಇಳಿಯುತ್ತಿತ್ತು.

"ಆಯ್ತಲ್ಲ," ಎಂದಳು ಮಡದಿ ಕೊನೆಗೆ. "ಅಣ್ಣ, ಮೇಜು ಎತ್ತಿಸು."

ಭಾವ ಕನ್ನಡಕ ತೆಗೆದ. ಸತ್ತ ಲೇಸರನ್ನು ಅಂಗೈಯಲ್ಲಿ ಹಿಡಿದು, ಹಕ್ಕಿಮರಿಯನ್ನು ತಿರುಗಿಸುವಂತೆ ತಿರುಗಿಸಿ ನೋಡಿದ.

"ಒದ್ದೆ ಬಟ್ಟೆ," ಎಂದ. "ನಂಗೆ ಇದು ಹೊಳೀಲೇ ಇಲ್ಲ. ಮೇಜು ಎತ್ತಬೇಡ ತಂಗಿ. ಅದು ಇಲ್ಲೇ ಇರಬೇಕು."

ವೈರಣ್ಣನ ಕಣ್ಣು ತುಂಬಿತು. ಭಾವನಲ್ಲಿ ದೇವರನ್ನೇ ಕಂಡಷ್ಟು ಭಕ್ತಿ ಬಂತು. "ಭಾವ, ನಿಮ್ಮ ಉಪಕಾರ..."

"ಉಪಕಾರ ನಿಮ್ದು," ಎಂದು ಭಾವ ಪೆಟ್ಟಿಗೆಯ ಮುಚ್ಚಳ ಎತ್ತಿದ. ಒಳಗೆ ವೈರಿನ ಸುರುಳಿಗಳು, ಫ್ಯಾನುಗಳು, ಹಿತ್ತಾಳೆ ತುಂಡುಗಳು, ಅವುಗಳ ನಡುವೆ ತೋಳುದ್ದದ ಒಂದು ಲೇಸರ್. "ನಂದ್ರಲ್ಲಿ ಎಂಟು ಡಯೋಡು. ಇನ್ನೂ ಬೇಗ ಕಾಯತ್ತೆ. ಮನೇಲಿ ನನ್ನ ಹೆಂಡ್ತಿ ನನ್ನ ಮೇಜು ಎತ್ತಿಸಿ ಬಟ್ಟೆ ಒಗೆಯೋ ಮಷಿನ್ನು ತಂದಿಟ್ಟಳು. ಇನ್ಮೇಲೆ ಆಫೀಸು ಬಿಟ್ಟ ಮೇಲೆ ದಿನಾ ಇಲ್ಲಿಗೇ ಬರ್ತೀನಿ. ಸ್ವಲ್ಪ ಆ ಕಡೆ ಸರೀರಿ."

ವೈರಣ್ಣ ಸರಿದ. ಭಾವ ಕುರ್ಚಿಯಲ್ಲಿ ಕೂತು ಒಂದೊಂದೇ ಸಾಮಾನು ಮೇಜಿನ ಮೇಲೆ ಹರಡಿದ. ಇನ್ನೂ ಸ್ವಲ್ಪ ಸರಿಯಬೇಕಾಯಿತು. ಕೊನೆಗೆ ವೈರಣ್ಣ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಿದ್ದ. ಕೈಯಲ್ಲಿ ಭಾವನ ಫ್ಯಾನು ಹಿಡಿದಿದ್ದ.

ಮಡದಿ ಪೆಟ್ಟಿಗೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು, ಗಂಡನನ್ನು ನೋಡಿದಳು. ಮೊಳೆ ತಂದು ಆ ಹಲಗೆಯನ್ನು ಮೇಜಿನ ನೇರ ಮೇಲೆ ಗೋಡೆಗೆ ಹೊಡೆದಳು.

"ಅಕ್ಷರ ತಿದ್ದಬೇಕು ಕಣೇ," ಎಂದ ವೈರಣ್ಣ ಸಂದಿಯಿಂದ.

"ಬೇಡ ಬಿಡಿ. ಸರಿಯಾಗೇ ಇದೆ."

ಆಮೇಲೆ ಅವನ ತಲೆಯ ಮೇಲಿನ ಟವೆಲನ್ನು ತೆಗೆದು, ಮತ್ತೆ ನೀರಲ್ಲಿ ಅದ್ದಿ ಹಿಂಡಿ, ತನ್ನ ತಲೆಗೆ ಹಾಕಿಕೊಂಡು ದಿಂಬಿನ ಮೇಲೆ ಒರಗಿದಳು. ಮೇಲ್ಮನೆ ಅಕ್ಕ ಪಕ್ಕದಲ್ಲಿ ಕೂತು ಮೆಲ್ಲಗೆ ದೇವರ ನಾಮ ಶುರುಮಾಡಿದಳು.