ಬೆನ್ನ ಹಿಂದಿನ ಬೋರ್ಡು

"ಈ ಶನಿವಾರದೊಳಗ ಹದಿನಾಲ್ಕೂ ಮಂದಿ ಕೈಲೆ ಬ್ಲಾಗ್ ಬರೆಸಲಿಲ್ಲಂದ್ರ ನನ್ನ ಹೆಸರು ಹುಲಿಗೆಪ್ಪ ಅಲ್ಲ!"

"ಹೋದ ಶನಿವಾರಾನೂ ಹಿಂಗ ಅಂದಿದ್ರಿ. ಈಗ ನಿಮ್ಮ ಹೆಸರೇನ್ರಿ ಮತ್ತ?" ಎಂದಳು ಹೆಂಡತಿ ಶೈಲಶ್ರೀ, ಡಬ್ಬಿ ಕಟ್ಟುತ್ತಾ.

ಹುಲಿಗೆಪ್ಪ ಮಾಸ್ತರರು ಪುಣೆಯ ಸದಾಶಿವ ಪೇಠದ ಮರಾಠಿ ಶಾಲೆಯೊಂದರ ಹಂಗಾಮಿ ಕಂಪ್ಯೂಟರ್ ಶಿಕ್ಷಕರು. ಆರು ವರ್ಷದಿಂದ ಹಂಗಾಮಿ! ಈಗ ಖಾಯಂ ಆಗುವ ಯೋಗ ಬಂದಿತ್ತು, ಒಂದೇ ಷರತ್ತಿನ ಮೇಲೆ. ಹದಿನಾಲ್ಕು ಶಿಕ್ಷಕಿಯರಿಗೂ ಹೊಸ ಸ್ಮಾರ್ಟ್ ಬೋರ್ಡು ಬಳಸಲು ಕಲಿಸಿ, ಒಬ್ಬೊಬ್ಬರಿಂದಲೂ ಶಾಲೆಯ ಬ್ಲಾಗಿನಲ್ಲಿ ಒಂದೊಂದು ಬರಹ ಹಾಕಿಸಬೇಕು. ಮೂರು ವಾರ ಗಂಟಲು ಹರಿದುಕೊಂಡರೂ ಬಿದ್ದ ಬರಹಗಳು ಸೊನ್ನೆ. "ಏನಂತ ಬರೆಯೋದು ಸರ್?" ಎಂದು ಎಲ್ಲರದೂ ಒಂದೇ ರಾಗ.

ಶುಕ್ರವಾರ ಮಾಸ್ತರರು ಬ್ರಹ್ಮಾಸ್ತ್ರವನ್ನೇ ತೆಗೆದರು. ಬೋರ್ಡಿನ ಮೈಕು ಹಾಕಿ, ಯಾವ ಭಾಷೆಯಲ್ಲಿ ಮಾತಾಡಿದರೂ ಇದು ಮರಾಠಿಗೆ ಅನುವಾದಿಸಿ ಬರೆದುಕೊಳ್ಳುತ್ತದೆ ಎಂದು ಸಾರಿ, "ಪುಣೆದಾಗ ಭಾಳ ಥಂಡಿ ಅದ" ಎಂದರು. ಬೋರ್ಡಿನ ತುಂಬ ಮರಾಠಿ ಅಕ್ಷರ! ಚಪ್ಪಾಳೆಯೋ ಚಪ್ಪಾಳೆ. ಮುಖ್ಯಾಧ್ಯಾಪಕಿ ಪಟವರ್ಧನಬಾಯಿ ಖುಷಿಯಾಗಿ ತಾವೇ ಮಾಡಿದ ಲಾಡು ಹಂಚಿದರು. ಅಷ್ಟರಲ್ಲಿ ಶೈಲಶ್ರೀಯ ಫೋನು ಬಂತು.

ಪುಣೆಗೆ ಬಂದ ಹನ್ನೊಂದು ವರ್ಷದಲ್ಲಿ ಗಂಡ ಹೆಂಡತಿಗೆ ಕನ್ನಡವೇ ಗುಪ್ತಭಾಷೆ. ಮನೆ ಮಾಲೀಕನ ಎದುರೇ ಅವನ ಜುಗ್ಗತನವನ್ನು ಹಾಡಿಕೊಂಡು ನಗಬಹುದು. ಇಂಥ ಸೌಭಾಗ್ಯ ಸ್ವಂತ ಊರಿನಲ್ಲಿ ಉಂಟೇ!

"ಊಟ ಆತೇನ್ರಿ?"

"ಎಲ್ಲೀ ಊಟ! ಹೆಡ್‌ಬಾಯಿ ಲಾಡು ಕೊಟ್ಟಾಳ. ಲಾಡಲ್ಲ, ಕಲ್ಲು! ದವಡಿ ಹಿಡಕೊಂಡು ಬಿಟ್ಟದ."

"ಸಣ್ಣಗ ಮಾತಾಡ್ರಿ. ಯಾರರ ಕೇಳ್ಯಾರು."

"ಕೇಳಲಿ ಬಿಡು, ಇವ್ರಿಗೇನು ತಿಳೀತದ? ಮೂರು ವಾರ ಕೋಣನ ಮುಂದ ಕಿನ್ನರಿ ಬಾರಿಸೇನಿ. ಮೂರನೇ ಸಾಲಿನ್ಯಾಕಿ ಕುಂತಲ್ಲೇ ಗೊರಕಿ ಹೊಡೀತಾಳ. ಆದ್ರ ಹೆಡ್‌ಬಾಯಿ ಸಹಿ ಬೀಳೂತನಕಾ ಲಾಡು ಅಮೃತ ಅನ್ನಬೇಕಲ್ಲ!"

ಫೋನಿಟ್ಟು ನೋಡುತ್ತಾರೆ, ಹದಿನಾಲ್ಕೂ ಮಂದಿ ಬಾಯಿ ತೆರೆದು ಬೋರ್ಡನ್ನೇ ದಿಟ್ಟಿಸುತ್ತಿದ್ದಾರೆ! ಮೂರನೇ ಸಾಲಿನವರಂತೂ ನೆಟ್ಟಗೆ ಕೂತಿದ್ದಾರೆ. ಕೊನೆಗೂ ನನ್ನ ಪಾಠ ತಲೆಗೆ ಹತ್ತಿತು ಎಂದು ಮಾಸ್ತರರ ಎದೆ ಉಬ್ಬಿತು. ಮಂದಹಾಸ ಬೀರುತ್ತಾ ತಾವೂ ಹಿಂದಕ್ಕೆ ತಿರುಗಿದರು.

ಮೈಕು ಆರಿಸಿರಲಿಲ್ಲ! ಲಾಡು, ಕಲ್ಲು, ದವಡೆ, ಗೊರಕೆ, ಎಲ್ಲವೂ ಗೇಣುದ್ದದ ಮರಾಠಿ ಅಕ್ಷರಗಳಲ್ಲಿ! ಕಿನ್ನರಿ ಒಂದಿಷ್ಟು ಅಸ್ಪಷ್ಟ. ಕೋಣ ಮಾತ್ರ ಒಂದು ಕಾಗುಣಿತವೂ ತಪ್ಪದೆ ಬಂದಿತ್ತು.

"ಅಯ್ಯಯ್ಯೋ, ಸತ್ತೆ!" ಎಂದು ಕಿರುಚಿದರು ಮಾಸ್ತರರು. ಬೋರ್ಡು ಅದನ್ನೂ ಬರೆದುಕೊಂಡಿತು.

ಪಟವರ್ಧನಬಾಯಿ ಲಾಡಿನ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಎತ್ತಿಕೊಂಡು ಹೊರಟುಹೋದರು. ಆರು ವರ್ಷದ ತಪಸ್ಸು ಆರು ಸಾಲಿನಲ್ಲಿ ಮುಗಿಯಿತಲ್ಲಾ ಎಂದು ಮಾಸ್ತರರಿಗೆ ಅಳುವೇ ಬಂತು.

ಸಂಜೆ ಮೊಬೈಲು ಟಿಣ್ ಅಂದಿತು. ಶಾಲೆಯ ಬ್ಲಾಗಿನಲ್ಲಿ ಮೊದಲ ಬರಹ: 'ನಾನೂ ಒಂದು ಕೋಣ'. ಮತ್ತೆ ಟಿಣ್, ಮತ್ತೆ ಟಿಣ್! ರಾತ್ರಿ ಊಟದ ಹೊತ್ತಿಗೆ ಹದಿನಾಲ್ಕು, ಎಲ್ಲವೂ ಮಾಸ್ತರರ ಫಜೀತಿಯ ಮೇಲೇ! ಫೋಟೊ, ಶೀರ್ಷಿಕೆ, ಲಿಂಕು, ಹೇಳಿಕೊಟ್ಟಿದ್ದೆಲ್ಲ ತಪ್ಪಿಲ್ಲದೆ. ಮೂರನೇ ಸಾಲಿನ ಗೊರಕೆಯವರು ಆ ಫಜೀತಿಯ ವಿಡಿಯೊವನ್ನೇ ಏರಿಸಿದ್ದರು.

ಶನಿವಾರ ಪಟವರ್ಧನಬಾಯಿ ತಲೆ ಎತ್ತದೆಯೇ ಸಹಿ ಹಾಕಿದರು. "ಷರತ್ತು ಪೂರೈಸಿದೆ. ಹದಿನಾಲ್ಕನ್ನೂ ಓದಿದ್ದೇನೆ, ಎರಡೆರಡು ಸಲ."

ಆದೇಶ ಹಿಡಿದು ಮಾಸ್ತರರು ಮನೆಗೆ ಓಡಿದರು. ಶೈಲಶ್ರೀ ಮೊಬೈಲು ನೋಡುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು.

"ಖಾಯಂ ಆತು ನೋಡs!"

"ಭಾಳ ಚಲೋ ಆತು. ಈಗ ಇಲ್ಲೆ ಕುಂದರ್ರಿ, ನನಗೂ ಬ್ಲಾಗ್ ಬರೆಯೂದು ಕಲಸ್ರಿ."

"ನಿನಗ್ಯಾಕ? ನೀ ಏನು ಬರೀತಿ?"

"ನಿಮ್ಮ ಒಂದು ಮಧ್ಯಾಹ್ನದ ಮ್ಯಾಲೆ ಅವರು ಹದಿನಾಲ್ಕು ಬರದಾರ. ನನ್ನ ಕಡೆ ಹನ್ನೊಂದು ವರ್ಷದ್ದು ಅದರೀ!"